ಮಳೆ ಹಿಂದೆಗೆಯುವ ಹೊತ್ತು

ಘಟ್ಟದ ಮೇಲಿನ ಸೀಮೆಗಳಲ್ಲಿ ಮಳೆಯ ಭವಿಷ್ಯವೆಂದರೆ ಮಳೆಯ ಆಗಮನದ ಭವಿಷ್ಯವೆಂದೇ ಅರ್ಥ. ವೈಶಾಖದ ಬಿಸಿಲಿಗೆ ಬಿರಿದ ನೆಲವನ್ನು ಉತ್ತು ಹದಗೊಳಿಸಿ, ಬಿತ್ತನೆಯ ಬೀಜವನ್ನು ತೆಗೆದಿರಿಸಿಕೊಂಡ ಬಯಲುಸೀಮೆಯ ಒಕ್ಕಲಿಗನು ಜೋಯಿಸರನ್ನು ಕೇಳುತ್ತಿದ್ದುದು, ಪಂಚಾಂಗವನ್ನು ಓದಿಸುತ್ತಿದ್ದುದು, ದೇವರ ಮುಂದೆ ನಿಂತು ಹೂವಿನ ಪ್ರಸಾದವನ್ನು ಬೇಡುತ್ತಿದ್ದುದು ಎಲ್ಲವೂ ಆ ಒಂದು ಆಗಮನದ ಸಲುವಾಗಿ. ಆದರೆ ಸಹ್ಯಾದ್ರಿಗೂ ಪಡುಗಡಲಿಗೂ ನಡುವೆ, ಕಾರವಾರ ಮೊದಲ್ಗೊಂಡು ಮಂಗಳೂರನ್ನು ದಾಟುವವರೆಗೆ ಹಬ್ಬಿರುವ ಕಿರಿದಾದ ನೆಲಪಟ್ಟಿಯಲ್ಲಿ ಈ ಪ್ರಶ್ನೆಗೆ ಎಂದೂ ಅಷ್ಟು ತೀವ್ರತೆಯಿರಲಿಲ್ಲ. ಅಲ್ಲಿ ಮಳೆಯು ಒಂದು ವಾರ ಹಿಂದಾಗಿಯೋ ಒಂದು ವಾರ ಮುಂದಾಗಿಯೋ ಬಂದೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ವಾಡಿಕೆಯಾಗಿ 3,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. ಬಯಲುಸೀಮೆಯ ಅನೇಕ ತಾಲ್ಲೂಕುಗಳು ನಾಲ್ಕಾರು ವರ್ಷಗಳಲ್ಲಿ ಕಾಣುವ ನೀರನ್ನು ಈ ನೆಲವು ಒಂದೇ ಮಳೆಗಾಲದಲ್ಲಿ ಕಂಡು ಕಡಲಿಗೆ ಒಪ್ಪಿಸಿಬಿಡುತ್ತದೆ. ಆದುದರಿಂದ ಕರಾವಳಿಯ ಜನ ತಲೆಮಾರುಗಳಿಂದ ಕೇಳಿಕೊಂಡು ಬಂದ ಪ್ರಶ್ನೆ ಬೇರೆಯದು: ಈ ಮಳೆ ಎಂದು ಹಿಂದೆಗೆಯುವುದು, ಹಿಂದೆಗೆದ ಮೇಲೆ ಮತ್ತೆ ತಿರುಗಿ ಬರುವುದೋ ಇಲ್ಲವೋ, ಕೊಯ್ಲಿಗೆ ಎಷ್ಟು ದಿನದ ಬಿಸಿಲು ದಕ್ಕೀತು, ಕಡಲು ಯಾವಾಗ ತೆರೆದೀತು. ಕರಾವಳಿಯ ಹವಾಮಾನಜ್ಞಾನದ ಇತಿಹಾಸವನ್ನು ಬರೆಯಹೊರಟವನು ಜ್ಯೇಷ್ಠದಿಂದಲ್ಲ, ಆಶ್ವಯುಜದಿಂದ ತೊಡಗಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ಕರಾವಳಿಗೆ ಮಾಡಿದ ಉಪಕಾರ ಅತ್ಯಲ್ಪವೆಂದು ಹೇಳಬೇಕಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಅಂಗಳದಲ್ಲಿ ಒಂದು ಅರತ್ನಿಯಷ್ಟು ಅಗಲದ ಬಾಯುಳ್ಳ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಯಾವ ಯಾವ ದೇಶಕ್ಕೆ ಎಷ್ಟೆಷ್ಟು ದ್ರೋಣ ಮಳೆ ಎಂಬ ಲೆಕ್ಕವಿದೆ. ಜಾಂಗಲ ದೇಶಕ್ಕೆ ಹದಿನಾರು, ಅನೂಪ ದೇಶಕ್ಕೆ ಇಪ್ಪತ್ತನಾಲ್ಕು, ಅವಂತಿಗೆ ಇಪ್ಪತ್ತಮೂರು ಎಂದು ನಿಖರವಾಗಿ ಎಣಿಸಿಕೊಂಡು ಬಂದ ಆ ಶಾಸ್ತ್ರಕಾರನು ಅಪರಾಂತಕ್ಕೆ, ಎಂದರೆ ಪಶ್ಚಿಮ ಸಮುದ್ರತೀರಕ್ಕೆ ಬಂದೊಡನೆ ಅಳತೆಗೋಲನ್ನು ಕೆಳಗಿಟ್ಟು, ಅಲ್ಲಿಯದು ಅಮಿತವೆಂದು ಹೇಳಿ ಮುಂದೆ ನಡೆದುಬಿಡುತ್ತಾನೆ. ಅರ್ಥಸಚಿವನ ದೃಷ್ಟಿಯಿಂದ ಇದು ಸಮಂಜಸವಾದ ಮಾತೇ. ಕೊರತೆಯಿಲ್ಲದೆಡೆಯಲ್ಲಿ ಲೆಕ್ಕಕ್ಕೆ ಏನು ಕೆಲಸ? ಆದರೂ ಅದೇ ಪ್ರಕರಣದಲ್ಲಿ ಅವನು ಹೇಳುವ ಇನ್ನೊಂದು ಮಾತು ಕರಾವಳಿಗೇ ಹೆಚ್ಚು ಸಲ್ಲುವಂತಹುದು: ಮಳೆಗಾಲದ ಒಟ್ಟು ಮಳೆಯಲ್ಲಿ ಮೂರನೆಯ ಒಂದು ಭಾಗ ಮೊದಲ ತಿಂಗಳು ಮತ್ತು ಕೊನೆಯ ತಿಂಗಳುಗಳಲ್ಲಿಯೂ, ಉಳಿದ ಎರಡು ಭಾಗ ನಡುವಣ ಎರಡು ತಿಂಗಳುಗಳಲ್ಲಿಯೂ ಬಿದ್ದರೆ ಅದು ಸಮವಾದ ವೃಷ್ಟಿ. ಮಳೆಯ ಮೊತ್ತಕ್ಕಿಂತ ಮಳೆಯ ಹಂಚಿಕೆಯೇ ಮುಖ್ಯವೆಂಬ ಈ ತಿಳಿವನ್ನು ಅನಂತರದವರು ಬೆಳೆಸಿದ್ದರೆ ಚೆನ್ನಾಗಿತ್ತು.

ಆದರೆ ಬೆಳೆದದ್ದು ಇನ್ನೊಂದು ದಾರಿ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘಗಳಿಗೆ ಗರ್ಭಧಾರಣೆಯನ್ನು ಕಲ್ಪಿಸಿ, ಚಂದ್ರನು ಯಾವ ನಕ್ಷತ್ರದಲ್ಲಿರುವಾಗ ಗರ್ಭ ನಿಂತಿತೋ ಅಲ್ಲಿಂದ 195 ದಿನಗಳಿಗೆ ಪ್ರಸವವೆಂದು, ಎಂದರೆ ಮಳೆಯೆಂದು, ಗಣಿತ ಹಾಕಿಕೊಟ್ಟನು. ಕನ್ನಡದಲ್ಲಿ ಸುಮಾರು 1300ರ ರಟ್ಟಕವಿಯೆಂಬ ಜೈನನು ಮಳೆ, ಸಿಡಿಲು, ಭೂಕಂಪ, ಗ್ರಹಚಾರ, ಉತ್ಪಾತಗಳನ್ನೆಲ್ಲ ಒಳಗೊಂಡ 'ರಟ್ಟಮತ'ವನ್ನು ರಚಿಸಿದನು. ನಿಸರ್ಗದ ವ್ಯಾಪಾರಗಳನ್ನೇ ವಿಷಯವಾಗಿ ಮಾಡಿಕೊಂಡ ಅಂಥ ಗ್ರಂಥವು ಕನ್ನಡದಲ್ಲಿ ಅಷ್ಟು ಹಿಂದೆಯೇ ಹುಟ್ಟಿತೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿಯೇ. ಪಂಚಾಂಗಗಳಲ್ಲಿ ಇಂದಿಗೂ ವರ್ಷಕ್ಕೊಬ್ಬ ರಾಜ, ಮಂತ್ರಿ, ಸಸ್ಯಾಧಿಪತಿ, ಮೇಘಾಧಿಪತಿ, ಇಷ್ಟು ಆಢಕ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಪರ್ವತಕ್ಕೆ ಇಷ್ಟು, ಭೂಮಿಗೆ ಇಷ್ಟು ಎಂಬ ಫಲಭಾಗ ಅಚ್ಚಾಗುತ್ತದೆ. ಇವೆಲ್ಲ ಬರಗಾಲದ ಭಯದಿಂದ ಹುಟ್ಟಿದ ವಿದ್ಯೆ. ಅತಿವೃಷ್ಟಿಯನ್ನು ಇವು ಈತಿಬಾಧೆಗಳಲ್ಲೊಂದಾಗಿ ಹೆಸರಿಸುತ್ತವೆಯಾದರೂ, ಅತಿವೃಷ್ಟಿಯೇ ನಿತ್ಯಧರ್ಮವಾಗಿರುವ ನಾಡಿನಲ್ಲಿ ಬದುಕುವವನಿಗೆ ಆ ಧರ್ಮವು ಯಾವ ದಿನ ಸಡಿಲುವುದೆಂದು ಇವು ತಿಳಿಸಿಕೊಡುವುದಿಲ್ಲ.

ಆ ತಿಳಿವು ಪುಸ್ತಕದಲ್ಲಿ ಇರಲಿಲ್ಲ. ಕೆಲಸದ ಕ್ರಮದಲ್ಲಿ ಇತ್ತು.

ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನೆಂಬ ಗಣನೆಯ ಮೇಲೆ ಏರ್ಪಟ್ಟ ಮಳೆನಕ್ಷತ್ರಗಳ ಸರಣಿ ಕನ್ನಡನಾಡಿಗೆಲ್ಲ ಸಾಮಾನ್ಯವಾದುದು. ಜೂನ್ ಎರಡನೆಯ ವಾರದ ಮೃಗಶಿರೆಯಿಂದ ಹಿಡಿದು ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆ, ಮಘೆ, ಹುಬ್ಬೆಗಳನ್ನು ದಾಟಿ, ಸೆಪ್ಟೆಂಬರ್ ನಡುವಿನಲ್ಲಿ ಉತ್ತರೆ, ಆ ತಿಂಗಳ ಕೊನೆಗೆ ಹಸ್ತ, ಅಕ್ಟೋಬರ್ 11ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ, ನವೆಂಬರ್ ಮೊದಲ ವಾರದಲ್ಲಿ ವಿಶಾಖೆ ಹೀಗೆ ಅದು ನಡೆಯುತ್ತದೆ. ಮನೆಮಗ ಉಂಡಷ್ಟೂ ಒಳ್ಳೆಯದು, ಮಘೆ ಮಳೆ ಬಂದಷ್ಟೂ ಒಳ್ಳೆಯದು ಎಂಬಂತಹ ಗಾದೆಗಳು ಈ ಸರಣಿಗೆ ಬಯಲುಸೀಮೆ ಬರೆದ ವ್ಯಾಖ್ಯಾನಗಳು. ಸ್ವಾತಿಯ ಹನಿ ಸಿಂಪಿನೊಳಗೆ ಬಿದ್ದರೆ ಮುತ್ತಾಗುವುದೆಂದು ಕವಿಗಳು ಹಾಡಿದರು; ಆದರೆ ಆ ಹನಿ ಕರಾವಳಿಯ ಗದ್ದೆಯಲ್ಲಿ ಕೊಯ್ದು ಹರವಿದ ಭತ್ತದ ಮೇಲೆ ಬಿದ್ದರೆ ಮೊಳಕೆಯಾಗುವುದೆಂಬುದನ್ನು ಹಾಡಿದವರಿಲ್ಲ. ಒಂದೇ ನಕ್ಷತ್ರಮಾಲೆಯನ್ನು ಘಟ್ಟದ ಮೇಲಿನವರೂ ಕೆಳಗಿನವರೂ ಓದಿದರು. ಓದಿಕೊಂಡ ಅರ್ಥ ಮಾತ್ರ ಬಹುಮಟ್ಟಿಗೆ ತಿರುವುಮುರುವಾಗಿತ್ತು.

ತುಳುನಾಡಿನವರು ಇದರ ಮಗ್ಗುಲಲ್ಲಿಯೇ ತಮ್ಮ ಸೌರಮಾಸಗಳ ಎಣಿಕೆಯನ್ನೂ ಇಟ್ಟುಕೊಂಡರು: ಪಗ್ಗುವಿನಿಂದ ತೊಡಗಿ ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ, ಬೊಂತೆಲ್, ಜಾರ್ದೆ ಮೊದಲಾದುವು. ಇವುಗಳಲ್ಲಿ ಆಟಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು, ಕಣಜ ಬರಿದಾಗಿ ಹೊರಗೆ ಮಳೆ ಬಿಡದೆ ಹೊಡೆಯುವ ಕಷ್ಟದ ಕಾಲ. ಮನೆಮನೆಗೆ ಬಂದು ಮಾರಿ ಕಳೆಯುವ ಆಟಿಕಳೆಂಜನ ಕಾಲ. ಅಮಾವಾಸ್ಯೆಯಂದು ಹಾಲೆಮರದ ಕೆತ್ತೆಯ ಕಷಾಯ ಕುಡಿಯುವ ಕಾಲ. ಸೋಣದಲ್ಲಿ ಬಿಸಿಲು ಮಳೆಗಳು ಬೆರೆಯುತ್ತವೆ. ನಿರ್ನಾಲ ಬೊಂತೆಲುಗಳಲ್ಲಿ ಏಣೆಲು, ಎಂದರೆ ಮಳೆಗಾಲದ ಭತ್ತದ ಬೆಳೆ, ಕೈಗೆ ಬರುತ್ತದೆ. ನಮ್ಮ ವಿಷಯದ ಹುರುಳಿರುವುದು ಈ ಎರಡು ತಿಂಗಳುಗಳಲ್ಲಿ.

ಕರಾವಳಿಯ ಗದ್ದೆಗಳನ್ನು ನೀರಿನ ಸೌಕರ್ಯಕ್ಕೆ ಅನುಸಾರವಾಗಿ ಬೈಲು, ಮಜಲು, ಬೆಟ್ಟು ಎಂದು ಮೂರು ತರವಾಗಿ ವಿಂಗಡಿಸುವ ರೂಢಿ ಪ್ರಾಚೀನವಾದುದು. ಕುಂಪಣಿಯ ಅಧಿಕಾರಿಗಳು ಬಂದು ಕಂದಾಯ ಕಟ್ಟುವಾಗ ಈ ವಿಂಗಡಣೆಯನ್ನೇ ಎತ್ತಿಕೊಂಡರು. ಬೆಟ್ಟುಗದ್ದೆಗೆ ಮಳೆಯೊಂದೇ ಗತಿಯಾದ್ದರಿಂದ ಅಲ್ಲಿ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಏಣೆಲಿನ ತರುವಾಯ ಸುಗ್ಗಿ. ತೋಡಿನ ಬದಿಯ ತಗ್ಗಾದ ಬೈಲಿನಲ್ಲಿ ಸುಗ್ಗಿಯೂ ಮುಗಿದ ಮೇಲೆ ಕೊಳಕೆ. ಈಗ ಶರತ್ಕಾಲದ ಮಳೆಯು ಈ ಮೂರರ ಮೇಲೆ ಹೇಗೆ ಬೀಳುವುದೆಂಬುದನ್ನು ನೋಡಬೇಕು. ಸೆಪ್ಟೆಂಬರಿನ ಕೊನೆಗೆ ಮಳೆ ತಟ್ಟನೆ ನಿಂತರೆ ಬೆಟ್ಟಿನ ಭತ್ತ ಹಾಲುಗಟ್ಟುವ ಹಂತದಲ್ಲಿಯೇ ಒಣಗಿ ಜೊಳ್ಳಾಗುವುದು. ಮಳೆ ನಿಲ್ಲದೆ ಬೊಂತೆಲಿನವರೆಗೆ ಎಳೆದುಕೊಂಡು ಬಂದರೆ ಬೆಟ್ಟಿನ ಬೆಳೆ ಉಳಿಯಿತು. ಆದರೆ ಮೊದಲೇ ಮಾಗಿ ನಿಂತ ಬೈಲಿನ ಪೈರು ನೀರಿನಲ್ಲಿ ಮಲಗಿತು, ಕೊಯ್ದದ್ದು ಒಣಗದೆ ಕೊಳೆಯಿತು, ಬೈಹುಲ್ಲು ಕಪ್ಪಾಗಿ ದನಗಳು ಮೂಸದಂತಾಯಿತು. ಅದೇ ಮಳೆ ಅಕ್ಟೋಬರಿನ ಎರಡನೆಯ ಪಕ್ಷದಲ್ಲಿ ಹದವಾಗಿ ಬಂದರೆ ಮಜಲಿನ ಸುಗ್ಗಿಗೆ ಅಮೃತವಾಯಿತು. ಬಾರದಿದ್ದರೆ ಸುಗ್ಗಿಯ ನೇಜಿಗೆ ನೀರೆತ್ತಬೇಕಾಯಿತು. ಇಂತು ಒಬ್ಬನೇ ಒಕ್ಕಲಿಗನ ಮೂರು ಗದ್ದೆಗಳು ಒಂದೇ ವಾರದಲ್ಲಿ ಮೂರು ಬೇರೆ ಬೇರೆ ವರಗಳನ್ನು ಬೇಡುತ್ತಿದ್ದುವು. ಯಾವ ಜೋಯಿಸನಾದರೂ ಇದಕ್ಕೆ ಯಾವ ಫಲ ಹೇಳಿಯಾನು?

ಹೇಳದೆ ಇದ್ದುದೇ ಒಳ್ಳೆಯದಾಯಿತೆಂದು ನನಗೆ ತೋರುತ್ತದೆ. ಏಕೆಂದರೆ ಭವಿಷ್ಯವನ್ನು ಅರಿಯಲಾಗದ ಆ ಸಮಾಜವು, ಭವಿಷ್ಯ ಹೇಗೆ ಬಂದರೂ ಒಂದು ಪಾಲು ಕೈಯಲ್ಲಿ ಉಳಿಯುವ ಹಾಗೆ ತನ್ನ ಬೇಸಾಯವನ್ನು ಏರ್ಪಡಿಸಿಕೊಂಡಿತ್ತು. ಮೂರೂ ತರದ ಗದ್ದೆ ಸ್ವಲ್ಪ ಸ್ವಲ್ಪ ಇದ್ದವನೇ ಸುಖಿಯೆಂದು ಎಣಿಸಲ್ಪಟ್ಟನು; ಬೇಗನೆ ಮಾಗುವ ತಳಿಯನ್ನೂ ತಡವಾಗಿ ಮಾಗುವ ತಳಿಯನ್ನೂ ಬೇರೆ ಬೇರೆ ಗದ್ದೆಗಳಲ್ಲಿ ಹಾಕುವ ರೂಢಿ ನಿಂತಿತು. ಸೂಡಿಗಳನ್ನು ಪಡಿಮಂಚಕ್ಕೆ ಬಡಿದು ಭತ್ತ ಬಿಡಿಸುವ ಕೆಲಸವನ್ನು ಬಿಸಿಲಿನ ದಿನಕ್ಕೆ ಕಾಯದೆ ಚಾವಡಿಯ ಮಾಡಿನ ಕೆಳಗೇ ಮುಗಿಸಿಕೊಳ್ಳಬಹುದಾಗಿತ್ತು. ಹಸಿ ಭತ್ತವನ್ನು ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವ ಪದ್ಧತಿಯು ಈ ನಾಡಿನಲ್ಲಿ ಇಷ್ಟು ಆಳವಾಗಿ ಬೇರೂರಿರುವುದಕ್ಕೆ ರುಚಿಯೊಂದೇ ಕಾರಣವೆಂದು ನಾನು ನಂಬಲಾರೆ. ತೇವದ ಹವೆಯಲ್ಲಿ ಕೊಯ್ದ ಭತ್ತವನ್ನು ಕೆಡದಂತೆ ಉಳಿಸಿಕೊಳ್ಳುವ ಉಪಾಯವೂ ಅದರಲ್ಲಿ ಅಡಗಿದೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಮುಡಿ ಕಟ್ಟುವ ಕೌಶಲವಾದರೂ ಅಂತಹುದೇ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ಕಂಡು ಬರೆದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ, ಭಟ್ಕಳದ ಸುತ್ತಿನ ಸೀಮೆಯಲ್ಲಿ ಬೆಲೆ ಬೇರೆ ಬೇರೆಯಾದ ನಾಲ್ಕು ಜಾತಿಯ ಅಕ್ಕಿಗಳ ಹೆಸರನ್ನು ಹೇಳಿ, ಅದನ್ನು ಹುಲ್ಲಿನಲ್ಲಿ ದುಂಡಗೆ ಕಟ್ಟಿ ಹಡಗಿಗೇರಿಸುವ ಬಗೆಯನ್ನೂ ವರ್ಣಿಸಿದ್ದಾನೆ. ಅವನು ಕಂಡದ್ದು ಮುಡಿಯಲ್ಲದೆ ಬೇರೇನಾಗಿರಲಾರದು.

ಹಬ್ಬಗಳನ್ನು ಕೂಡ ಈ ಬೆಳಕಿನಲ್ಲಿ ನೋಡಬಹುದು. ಹೊಸ ಕದಿರನ್ನು ತಂದು ಮನೆಯ ಕಂಬಕ್ಕೂ ನೇಗಿಲಿಗೂ ಕಣಜಕ್ಕೂ ಕಟ್ಟುವ ತೆನೆಹಬ್ಬ, ಹೊಸ ಅಕ್ಕಿಯ ಊಟ, ಸೆಪ್ಟೆಂಬರ್ 8ರಂದು ಮಂಗಳೂರಿನ ಕೊಂಕಣಿ ಕ್ರೈಸ್ತರು ಮರಿಯಮ್ಮನಿಗೆ ಹೂವರ್ಪಿಸಿ ಹೊಸ ತೆನೆಯನ್ನು ಮನೆಗೆ ಒಯ್ಯುವ ಮೊಂತಿ ಹಬ್ಬ, ದೀಪಾವಳಿಯ ಪಾಡ್ಯದಂದು ಗದ್ದೆಯಲ್ಲಿ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವ ಆಚರಣೆ, ಇವುಗಳಲ್ಲಿ ಯಾವುದೂ ಮಳೆಯ ಭವಿಷ್ಯವನ್ನು ಹೇಳುವುದಿಲ್ಲ. ಆದರೆ ಊರಿಗೆ ಊರೇ ಒಂದು ದಿನ ಕೆಲಸಕ್ಕೆ ಇಳಿಯುವುದಕ್ಕೆ, ಆಳುಗಳು ಒಬ್ಬರಿಗೊಬ್ಬರು ಒದಗುವುದಕ್ಕೆ, ಗೇಣಿ ಬಾಕಿಗಳ ಮಾತು ಇತ್ಯರ್ಥವಾಗುವುದಕ್ಕೆ ಸಮ್ಮತವಾದ ಗಡುವುಗಳನ್ನು ಹಾಕಿಕೊಡುತ್ತವೆ. ಬಯಲಾಟದ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ಅನಂತರ, ಗೆಜ್ಜೆ ಬಿಚ್ಚುವುದು ಬೇಶದ ಹತ್ತರ ಪತ್ತನಾಜೆಗೆ. ಭೂತಕೋಲಗಳಿಗೂ ಅದೇ ಮೇರೆ. ರಾತ್ರಿಯಿಡೀ ಬಯಲಲ್ಲಿ ಕುಳಿತು ಆಟ ನೋಡಬಲ್ಲ ಕಾಲ ಯಾವುದೆಂಬುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ನಂಬುಗೆಯ ಹವಾಮಾನಪಟ್ಟಿ ನಮ್ಮಲ್ಲಿ ಇನ್ನೊಂದಿಲ್ಲ.

ಕಡಲಿನ ಕಡೆಗೆ ತಿರುಗಿದರೆ ಚರಿತ್ರೆಗೆ ಲಿಖಿತವಾದ ಸಾಕ್ಷ್ಯಗಳು ಹೆಚ್ಚು ದೊರೆಯುತ್ತವೆ; ಏಕೆಂದರೆ ಗದ್ದೆಯವನು ಬರೆದಿಡಲಿಲ್ಲ, ವ್ಯಾಪಾರಿ ಬರೆದಿಟ್ಟನು. ನೈಋತ್ಯ ಮಾರುತವು ಉಗ್ರವಾಗಿ ಬೀಸುವ ಮೂರು ನಾಲ್ಕು ತಿಂಗಳು ಪಶ್ಚಿಮತೀರದ ಬಂದರುಗಳೆಲ್ಲ ಮುಚ್ಚಿರುತ್ತಿದ್ದುವು. ಹದಿನೈದನೆಯ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದ್ ಮೊದಲಾದವರು ಅದನ್ನು ಕಡಲಿನ ಬಾಗಿಲು ಮುಚ್ಚುವ ಕಾಲವೆಂದೇ ಕರೆದು, ಯಾವ ಬಂದರಿನಿಂದ ಯಾವ ದಿನಕ್ಕೆ ಹೊರಡಬೇಕೆಂಬುದನ್ನು ಲೆಕ್ಕಹಾಕಿ ಬರೆದಿಟ್ಟರು. ಏಡನ್ನಿನಿಂದ ಬರುವ ಹಡಗು ಮಾರುತದ ರಭಸ ಇಳಿಯುವ ಹೊತ್ತಿಗೆ, ಆಗಸ್ಟ್ ಕೊನೆಯ ಸುಮಾರಿಗೆ, ಹೊರಟು ಶರತ್ಕಾಲದ ಆರಂಭದಲ್ಲಿ ನಮ್ಮ ತೀರ ಮುಟ್ಟಬೇಕು. ಇಲ್ಲಿಂದ ಮರಳುವುದು ಈಶಾನ್ಯದ ಗಾಳಿ ನೆಲೆಗೊಂಡ ಮೇಲೆ. ಬೇಗ ಹೊರಟರೆ ಮಳೆಗಾಲದ ಅಲೆಗಳ ಬಾಯಿಗೆ ತುತ್ತು. ತಡವಾದರೆ ಗಾಳಿಯೇ ತಿರುಗಿಬಿಡುತ್ತದೆ. ಆದ್ದರಿಂದ ಮಂಗಳೂರಿನ ಶರತ್ಕಾಲದ ಹವಾಮಾನವೆಂಬುದು ಮಂಗಳೂರಿನವರ ಚಿಂತೆ ಮಾತ್ರವಾಗಿರಲಿಲ್ಲ. ಏಡನ್, ಹೋರ್ಮುಜ್, ಕೈರೋಗಳ ಮಳಿಗೆಗಳಲ್ಲಿಯೂ ಅದನ್ನು ಕುರಿತು ಯೋಚಿಸುವವರಿದ್ದರು.

ಇಂಥವರಲ್ಲಿ ಒಬ್ಬನ ವೃತ್ತಾಂತ ವಿಶೇಷವಾದುದು. ಟ್ಯುನೀಸಿಯದ ಮಹದಿಯಾ ಪಟ್ಟಣದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಎಂಬವನು 1132ರ ಸುಮಾರಿಗೆ ಮಂಗಳೂರಿಗೆ ಬಂದು 1149ರವರೆಗೆ ಈ ತೀರದಲ್ಲಿ ನೆಲಸಿದ್ದು, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಯಿಸಿ, ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹುತ್ತಿದ್ದನು. ಅವನಿಗೆ ಏಡನ್ನಿನಿಂದ ಬಂದ ಕಾಗದಗಳು ಕೈರೋದ ಸಿನಗಾಗಿನ ಹಳೆಯ ಕಾಗದಗಳ ಕೋಣೆಯಲ್ಲಿ ಎಂಟು ಶತಮಾನ ಉಳಿದು ನಮ್ಮ ಕಾಲಕ್ಕೆ ದೊರೆತಿವೆ. ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಮುಂತಾದ ಉಡುಗೊರೆಗಳ ಪಟ್ಟಿ, ಬಾಕಿ ಹಣದ ಜಗಳ, ಮುಳುಗಿದ ಸರಕಿನ ಸುದ್ದಿ, ಬಂಧುಗಳ ಯೋಗಕ್ಷೇಮ ಎಲ್ಲವೂ ಅವುಗಳಲ್ಲಿವೆ. ಮತ್ತು ಅವೆಲ್ಲವೂ ಕಡಲು ತೆರೆದಿದ್ದ ತಿಂಗಳುಗಳಲ್ಲಿ ಮಾತ್ರ ಓಡಾಡಿದಂತಹವು. ಆಟಿಯ ಮಳೆಯಲ್ಲಿ ಮಂಗಳೂರಿನ ಮನೆಯೊಳಗೆ ಕುಳಿತ ಆ ಪರದೇಶಿಗೆ ತಾಯ್ನಾಡಿನ ಒಂದು ಮಾತು ತಲಪಬೇಕಾದರೂ ಹಸ್ತ ಚಿತ್ತೆಗಳ ವರೆಗೆ ಕಾಯದೆ ಗತಿಯಿರಲಿಲ್ಲ. ಋತುವನ್ನು ತಪ್ಪಿದವರ ಪಾಡು ಏನೆಂಬುದನ್ನು 1442ರಲ್ಲಿ ತಿಮೂರಿ ದೊರೆಯ ರಾಯಭಾರಿಯಾಗಿ ಹೊರಟ ಅಬ್ದುರ್ರಜಾಕನು ಬರೆದಿದ್ದಾನೆ: ಹೋರ್ಮುಜ್‌ನಲ್ಲಿ ಅವನನ್ನು ತಡೆದಿರಿಸಿಕೊಂಡುದರಿಂದ ಮಾರುತದ ಆದಿಯೂ ನಡುವೂ ಕಳೆದು, ಬಿರುಗಾಳಿಗೂ ಕಡಲುಗಳ್ಳರಿಗೂ ಹೆದರಬೇಕಾದ ಕೊನೆಯ ಕಾಲದಲ್ಲಿ ಅವನು ಪಯಣ ಬೆಳೆಸಬೇಕಾಯಿತು. ಆದರೂ ಬದುಕಿ ಕಲ್ಲಿಕೋಟೆ ಮುಟ್ಟಿ, ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಹೋಗಿ, 1443ರ ಮಹಾನವಮಿಯ ವೈಭವವನ್ನು ಕಂಡನು.

ಪೋರ್ಚುಗೀಸರು 1568, 1569ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಕಟ್ಟಿಕೊಂಡುದು ಮೆಣಸಿಗಾಗಿ ಎಷ್ಟೋ ಅಷ್ಟೇ ಅಕ್ಕಿಗಾಗಿ. ಗೋವೆಯ ಹೊಟ್ಟೆ ತುಂಬುತ್ತಿದ್ದುದು ಕೆನರಾ ತೀರದ ಅಕ್ಕಿಯಿಂದ. ಏಣೆಲಿನ ಕೊಯ್ಲು ಹತ್ತು ದಿನ ತಡವಾದರೆ ಆ ರಾಜಧಾನಿಯ ಪೇಟೆಯಲ್ಲಿ ಅದರ ಬಿಸಿ ತಟ್ಟುತ್ತಿತ್ತು.

ಕಡಲ ಮೀನುಗಾರರಾದ ಮೊಗವೀರರ ಶರತ್ಕಾಲ ಇನ್ನೂ ಬೇಗ ತೊಡಗುತ್ತದೆ. ಶ್ರಾವಣದ ನೂಲಹುಣ್ಣಿಮೆಯಂದು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿದ ಮೇಲೆ ದೋಣಿ ಇಳಿಸುವುದು ಅವರ ಸಂಪ್ರದಾಯ. ಆದರೆ ಆ ಹುಣ್ಣಿಮೆ ಆಗಸ್ಟಿನಲ್ಲಿ ಎಂದೋ ಬೀಳುವುದರಿಂದ, ಪೂಜೆಯ ದಿನಕ್ಕೆ ಕಡಲು ಶಾಂತವಾಗಿರಲೇಬೇಕೆಂಬ ನಿಯಮವೇನೂ ಇರಲಿಲ್ಲ. ಪೂಜೆ ಅನುಮತಿಯಾಗಿತ್ತೇ ಹೊರತು ಅಭಯವಾಗಿರಲಿಲ್ಲ. ಅಭಯಕ್ಕಾಗಿ ಅವರು ನೋಡುತ್ತಿದ್ದುದು ಗಾಳಿಯನ್ನು. ಮಳೆಗಾಲದಲ್ಲಿ ಹಗಲಿರುಳೂ ಪಡುವಣದಿಂದಲೇ ಬೀಸುತ್ತಿದ್ದ ಗಾಳಿ ತಗ್ಗಿ, ಬೆಳಗಿನ ಜಾವದಲ್ಲಿ ನೆಲದ ಕಡೆಯಿಂದ ತಣ್ಣನೆಯ ಮೂಡಗಾಳಿ ಮತ್ತೆ ಸುಳಿಯತೊಡಗಿತೆಂದರೆ ಮಾರುತದ ಹಿಡಿತ ಸಡಿಲಿತೆಂದು ಅರ್ಥ. ಆ ಗಾಳಿಗೆ ಹಾಯಿ ಬಿಚ್ಚಿ ಹೊರಡುವುದು, ಮಧ್ಯಾಹ್ನದ ಕಡಲಗಾಳಿಗೆ ಮರಳುವುದು ಹಾಯಿದೋಣಿಗಳ ಕಾಲದ ನಿತ್ಯಕ್ರಮವಾಗಿತ್ತು. ಮಳೆಗಾಲದಲ್ಲಿ ಆಳದಿಂದ ಮೇಲೆದ್ದ ತಣ್ಣೀರು ಹೊತ್ತುತಂದ ಸತ್ತ್ವವನ್ನು ಉಂಡು ಬೆಳೆದ ಬೂತಾಯಿ ಬಂಗುಡೆಗಳ ಹಿಂಡು ತೀರಕ್ಕೆ ಹತ್ತಿರವಾಗುತ್ತಿದ್ದುದೂ ಆ ದಿನಗಳಲ್ಲೇ. ಊರಿನ ಗಂಡಸರೆಲ್ಲ ಸೇರಿ ದಡದಿಂದ ಎಳೆಯುವ ರಂಪಣಿ ಬಲೆಯನ್ನು ಬಿಡಲು ಅಲೆಯಿಲ್ಲದ ಸಮುದ್ರವೇ ಬೇಕು. ಒಂದು ಅಕಾಲದ ತೂಫಾನು ಅಂಥ ಬಲೆಯನ್ನು ಹರಿದರೆ ಒಂದು ಗುಂಪಿನ ಇಡೀ ವರುಷದ ಅನ್ನವೇ ಹೋಯಿತು.

ಗುಡುಗಿನ ವಿಷಯವನ್ನೂ ಇಲ್ಲಿ ಹೇಳಬೇಕು. ಆಷಾಢ ಶ್ರಾವಣಗಳ ಮಳೆ ಕಡಲಿನಿಂದ ಬರುವ ಮಳೆ. ಗುಡುಗಿನ ಆರ್ಭಟ ಅದಕ್ಕೆ ಕಡಮೆ. ಸೂರ್ಯನು ವಿಷುವದ್ರೇಖೆಯನ್ನು ದಾಟಿ ದಕ್ಷಿಣಕ್ಕೆ ಸರಿದು, ವಾಯವ್ಯ ಭಾರತದ ನೆಲ ತಣಿದು, ಅಲ್ಲಿದ್ದ ನಿಮ್ನ ಒತ್ತಡ ಕರಗಿತೆಂದರೆ ಮೇಲಿನ ಗಾಳಿ ಮೂಡಣದಿಂದ ಬೀಸತೊಡಗುತ್ತದೆ. ಆಗ ಮಧ್ಯಾಹ್ನದ ಕಾವಿಗೆ ಘಟ್ಟದ ನೆತ್ತಿಯಲ್ಲಿ ಹುಟ್ಟಿದ ಕಾರ್ಮೋಡ ಇಳಿಹೊತ್ತಿಗೆ ಗುಡುಗುತ್ತ ಸಿಡಿಲು ಹೊಡೆಯುತ್ತ ಕರಾವಳಿಯ ಮೇಲೆ ಇಳಿಯುತ್ತದೆ. ಮಳೆ ಪಡುವಣದಿಂದಲ್ಲ, ಮೂಡಣದಿಂದ ಬಂತೆಂಬುದೇ ಮಳೆಗಾಲ ಮುಗಿಯಿತೆಂಬುದರ ಪ್ರಮಾಣ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೀಗೆ ಬೀಳುವುದು ಕರಾವಳಿಯಲ್ಲಿ ಸರಾಸರಿ ಸುಮಾರು 250 ಮಿಲಿಮೀಟರು, ಎಂದರೆ ಮುಂಗಾರಿನ ಹನ್ನೆರಡರಲ್ಲಿ ಒಂದು ಪಾಲು. ಆದರೂ ಅಂಗಳದಲ್ಲಿ ಹರಡಿದ ಬೆಳೆಗೆ ಆ ಹನ್ನೆರಡು ಪಾಲಿಗಿಂತ ಈ ಒಂದು ಪಾಲಿನ ಭಯವೇ ದೊಡ್ಡದು.

ಆಂಗ್ಲರು ಬಂದಾಗ ಈ ನಾಡಿನ ಮಳೆಯನ್ನು ಮೊದಲು ಅರಿತುಕೊಂಡುದು ಬೈಗುಳದ ಮೂಲಕ. 1783ರ ಮೇ ತಿಂಗಳಲ್ಲಿ ಟಿಪ್ಪುವಿನ ಸೈನ್ಯ ಮಂಗಳೂರಿನ ಕೋಟೆಗೆ ಹಾಕಿದ ಮುತ್ತಿಗೆ ಮಳೆಗಾಲದುದ್ದಕ್ಕೂ ನಡೆದು, 1784ರ ಜನವರಿಯಲ್ಲಿ ಮುಗಿಯಿತು. ಮಹಾನವಮಿ ಕಳೆದು ವಿಜಯದಶಮಿಯ ಸೀಮೋಲ್ಲಂಘನವಾದ ಮೇಲೆ ದಂಡಯಾತ್ರೆ ಹೊರಡುವ ನಮ್ಮ ಅರಸರ ಹಳೆಯ ಪದ್ಧತಿಯ ವಿವೇಕ ಎರಡೂ ಪಕ್ಷದ ಸಿಪಾಯಿಗಳಿಗೆ ಆಗ ಮನದಟ್ಟಾಗಿರಬೇಕು. 1799ರಲ್ಲಿ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಕಂದಾಯವ್ಯವಸ್ಥೆಯನ್ನು ಮೆಚ್ಚಿ ಬರೆದರೂ ಇಲ್ಲಿಯ ಮಳೆಯನ್ನು ಸಹಿಸಲಾರದೆ ಗೆಳೆಯರಿಗೆ ಗೊಣಗುತ್ತ, ಮರುವರ್ಷವೇ ಘಟ್ಟದ ಮೇಲಿನ ಸೀಮೆಗೆ ವರ್ಗ ಮಾಡಿಸಿಕೊಂಡು ಹೊರಟುಹೋದನು.

ಹವಾಮಾನದ ಸರಕಾರಿ ವಿದ್ಯೆ ಈ ದೇಶದಲ್ಲಿ ಹುಟ್ಟುವುದಕ್ಕೆ ಒಂದು ಶರತ್ಕಾಲದ ಬಿರುಗಾಳಿಯೇ ನಿಮಿತ್ತವಾಯಿತು. 1864ರ ಅಕ್ಟೋಬರ್ 5ರಂದು ಕಲ್ಕತ್ತೆಯನ್ನು ಹೊಡೆದ ಚಂಡಮಾರುತವು ಹತ್ತಾರು ಸಾವಿರ ಜನರನ್ನು ಬಲಿಗೊಂಡಿತು. ಅದರ ಬೆನ್ನಿಗೆ 1866ರಲ್ಲಿಯೂ 1871ರಲ್ಲಿಯೂ ಮಳೆ ಕೈಕೊಟ್ಟಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪಿತವಾಗಿ ಹೆನ್ರಿ ಬ್ಲ್ಯಾನ್‌ಫೋರ್ಡ್ ಅದಕ್ಕೆ ಮುಖ್ಯಸ್ಥನಾದನು. ಹಿಮಾಲಯದ ಹಿಮ ಹೆಚ್ಚಿದ ವರ್ಷ ಮುಂಗಾರು ಕುಗ್ಗುವುದೆಂಬ ಊಹೆಯ ಮೇಲೆ 1886ರ ಜೂನ್ 4ರಂದು ಅವನು ಹೊರಡಿಸಿದುದು ಈ ದೇಶದ ಮೊದಲ ಋತುಮಾನದ ಮುನ್ಸೂಚನೆ. ಆದರೆ ನಾವು ಮೊದಲು ಕಂಡ ಕಥೆಯೇ ಇಲ್ಲಿ ಮರುಕಳಿಸಿತು: ಕೌಟಿಲ್ಯನಂತೆ ಈ ಇಲಾಖೆಯೂ ಬರಗಾಲದ ಭಯಕ್ಕೆ ಉತ್ತರ ಹುಡುಕುತ್ತಿತ್ತು, ಪಶ್ಚಿಮತೀರಕ್ಕೆ ಮಳೆ ಬರುವುದೋ ಇಲ್ಲವೋ ಎಂದು ಸಿಮ್ಲಾದಲ್ಲಿ ಕುಳಿತು ಚಿಂತಿಸಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಕರಾವಳಿಗೆ ಆ ಇಲಾಖೆಯಿಂದ ಆದ ನಿಜವಾದ ಪ್ರಯೋಜನ ಬಂದರಿನ ಧ್ವಜಸ್ತಂಭ. ತಂತಿ ಬಂದೊಡನೆ ಹಗಲಿನಲ್ಲಿ ಶಂಕುವಿನ ಮತ್ತು ಉರುಳೆಯ ಆಕೃತಿಗಳನ್ನೂ ರಾತ್ರಿಯಲ್ಲಿ ಕೆಂಪು ಬಿಳಿ ದೀಪಗಳನ್ನೂ ಏರಿಸಿ, ದೂರದ ಕಡಲಿನಲ್ಲಿ ಎದ್ದ ಸುಳಿಗಾಳಿಯನ್ನು ಮಂಜಿಯವರಿಗೂ ಮೀನುಗಾರರಿಗೂ ತಿಳಿಸುವ ಏರ್ಪಾಡು ಅದು. ಅರಬ್ಬಿ ಕಡಲಿನಲ್ಲಿ ಬಿರುಗಾಳಿಗಳು ಏಳುವುದು ಮುಂಗಾರಿನ ಮುಂಚೆ ಒಮ್ಮೆ, ಅದು ಹೋದ ಮೇಲೆ ಅಕ್ಟೋಬರ್ ನವೆಂಬರುಗಳಲ್ಲಿ ಇನ್ನೊಮ್ಮೆ; ಮುಂಗಾರಿನ ಮುಂಚಿನ ಬಿರುಗಾಳಿಯ ವೇಳೆಗೆ ಹಾಯಿಹಡಗುಗಳ ಋತು ಮುಗಿಯುತ್ತ ಬಂದಿರುತ್ತದೆ, ಶರತ್ತಿನ ಬಿರುಗಾಳಿಯ ವೇಳೆಗೆ ಎಲ್ಲರೂ ನೀರಿನಲ್ಲಿರುತ್ತಾರೆ.

1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರನು ಕೇಂಬ್ರಿಜ್ಜಿನ ಗಣಿತಜ್ಞ. ಮುಂಗಾರಿನ ಸುಳುಹನ್ನು ಲೋಕದ ಎಲ್ಲ ಮೂಲೆಗಳ ವಾಯುಭಾರದ ಅಂಕಿಗಳಲ್ಲಿ ಹುಡುಕುತ್ತ ಹೋಗಿ, ಶಾಂತಸಾಗರದ ಮೇಲಿನ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲಿನದು ಇಳಿಯುವ, ಅದು ಇಳಿದಾಗ ಇದು ಏರುವ ತೂಗಾಟವನ್ನು ಕಂಡುಹಿಡಿದು 1920ರ ದಶಕದಲ್ಲಿ ಅದಕ್ಕೆ ದಕ್ಷಿಣದ ಆಂದೋಲನವೆಂದು ಹೆಸರಿಟ್ಟನು. ಅದರೊಂದಿಗೆ ಹೆಣೆದುಕೊಂಡಿರುವ ಎಲ್ ನಿನೋ ಮುಂಗಾರನ್ನು ಬಹುಶಃ ಕುಗ್ಗಿಸುವುದೆಂಬುದನ್ನು ಈಗ ಪತ್ರಿಕೆ ಓದುವವರೆಲ್ಲ ಬಲ್ಲರು; ಅದೇ ಎಲ್ ನಿನೋ ದಕ್ಷಿಣ ಭಾರತದ ಹಿಂಗಾರನ್ನು ಹಿಗ್ಗಿಸುವ ಪ್ರವೃತ್ತಿಯುಳ್ಳದ್ದೆಂಬುದನ್ನು ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ಮುಂಗಾರು ಕಡಮೆಯಾಯಿತೆಂದು ಬಯಲುಸೀಮೆ ಮರುಗುವ ವರ್ಷದಲ್ಲೇ ಕರಾವಳಿಯ ಅಂಗಳಗಳು ದೀಪಾವಳಿಯ ತನಕ ಒಣಗದಿರುವ ಸಂಭವ ಹೀಗೆ ಒದಗುತ್ತದೆ. ಆದರೆ ಇದು ಪ್ರವೃತ್ತಿಯೇ ಹೊರತು ನಿಯಮವಲ್ಲ; ಹಿಂದೂ ಮಹಾಸಾಗರದ ಪಶ್ಚಿಮಭಾಗ ಬೆಚ್ಚಗಿದ್ದು ಪೂರ್ವಭಾಗ ತಣ್ಣಗಿರುವ ವರ್ಷಗಳಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. 2019 ಅಂತಹ ವರ್ಷ. ಆ ಅಕ್ಟೋಬರಿನ ಕೊನೆಯಲ್ಲಿ ಅರಬ್ಬಿ ಕಡಲಿನಲ್ಲಿ ಎದ್ದ ಕ್ಯಾರ್ ಎಂಬ ಮಹಾಚಂಡಮಾರುತ ದಡವನ್ನು ಮುಟ್ಟದಿದ್ದರೂ, ನಮ್ಮ ತೀರದುದ್ದಕ್ಕೂ ಮಳೆ ಸುರಿಸಿ, ಅಲೆಗಳನ್ನೆಬ್ಬಿಸಿ, ದೀಪಾವಳಿಯ ದಿನಗಳಲ್ಲಿ ದೋಣಿಗಳನ್ನು ಬಂದರಿಗೆ ಓಡಿಸಿತು.

ಹಳೆಯ ಗಡುವುಗಳು ಈಗ ಒಂದೊಂದಾಗಿ ಸ್ಥಾನ ಬಿಟ್ಟಿವೆ. ನೇತ್ರಾವತಿ ಗುರುಪುರ ಹೊಳೆಗಳ ಅಳಿವೆಯಲ್ಲಿದ್ದ ಮಂಗಳೂರಿನ ಹಳೆಯ ಬಂದರು ಮಳೆಗಾಲದಲ್ಲಿ ಮುಚ್ಚಲೇಬೇಕಾಗಿದ್ದರೆ, 1970ರ ದಶಕದಲ್ಲಿ ಪಣಂಬೂರಿನಲ್ಲಿ ಸಿದ್ಧವಾದ ಹೊಸ ಬಂದರು ವರ್ಷವಿಡೀ ತೆರೆದಿರುತ್ತದೆ. ಯಂತ್ರದ ದೋಣಿಗಳಿಗೆ ಕಡಲು ತೆರೆಯುವುದು ನೂಲಹುಣ್ಣಿಮೆಯಿಂದಲ್ಲ, ಸರಕಾರದ ಆಜ್ಞೆಯಿಂದ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದೊಡನೆ ಮಲ್ಪೆ, ಗಂಗೊಳ್ಳಿ, ಮಂಗಳೂರುಗಳಿಂದ ಅವು ಹೊರಡಬಹುದು, ಸಮುದ್ರಪೂಜೆ ಅದರ ಹಿಂದೆಯೋ ಮುಂದೆಯೋ ತನ್ನ ತಿಥಿಗೆ ನಡೆಯುತ್ತದೆ. ಗದ್ದೆಗಳ ಪಾಡು ಇದಕ್ಕಿಂತ ಹೆಚ್ಚು ಬದಲಾಗಿದೆ. ಬೆಟ್ಟಿನಲ್ಲಿಯೂ ಮಜಲಿನಲ್ಲಿಯೂ ಅಡಕೆ ಎದ್ದು ನಿಂತ ಮೇಲೆ ಏಣೆಲು ಸುಗ್ಗಿಗಳ ಆ ತ್ರಿಕೋಣ ಜಗಳ ಅನೇಕ ಊರುಗಳಲ್ಲಿ ತಾನಾಗಿಯೇ ತೀರಿಹೋಯಿತು. ಅಡಕೆಯವನಿಗಾದರೆ ಮಳೆಗಾಲದಲ್ಲಿ ಕೊಳೆರೋಗದ ಭಯ. ಅದಕ್ಕೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ರೂಢಿಗೆ ತಂದ ಬೋರ್ಡೋ ದ್ರಾವಣವಿದೆ. ಮಳೆ ಹೋದ ಮೇಲೆ ಅವನಿಗೆ ಬೇಕಾದುದು ಬಿಸಿಲು: ಹಣ್ಣಡಕೆ ಚಾಲಿಯಾಗಲು ಅಂಗಳದಲ್ಲಿ ಸುಮಾರು ನಲವತ್ತು ದಿನ ಒಣಗಬೇಕು, ನಡುವೆ ಒಂದೆರಡು ಸಂಜೆ ನೆನೆದರೂ ಬೂಸಲು ಹಿಡಿದು ಬೆಲೆ ಮುರಿಯುತ್ತದೆ. ಹವಾಮಾನ ಇಲಾಖೆ ಅಕ್ಟೋಬರ್ ನಡುವಿನಲ್ಲಿ ನೈಋತ್ಯ ಮಾರುತ ಹಿಂದೆಗೆಯಿತೆಂದು ಪ್ರಕಟಿಸಿ, ಕೆಲವೇ ದಿನಗಳಲ್ಲಿ ಈಶಾನ್ಯ ಮಾರುತ ತೊಡಗಿತೆಂದು ಮತ್ತೆ ಪ್ರಕಟಿಸುವುದುಂಟು. ಈ ಎರಡು ಪ್ರಕಟಣೆಗಳ ಮಧ್ಯೆ ನಲವತ್ತು ದಿನ ಎಲ್ಲಿಂದ ಬರಬೇಕು? ಆದ್ದರಿಂದ ಪುತ್ತೂರು, ಬೆಳ್ತಂಗಡಿ, ಸುಳ್ಯಗಳ ಕಡೆ ಈಗ ಹಲವರು ಅಂಗಳದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮಾಡನ್ನು ಕಟ್ಟಿಸಿಕೊಂಡು, ಅದರ ಕೆಳಗೆ ಅಡಕೆಯನ್ನು ಹರಡಿ, ಮುನ್ಸೂಚನೆಯ ಗೊಡವೆಯನ್ನೇ ಬಿಟ್ಟಿದ್ದಾರೆ.